ಒರಟು ಮೈಯ ಹಳೆಯ 070 ಚೈನ್ ಸಾ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ಕಡೆಯ ಹಳ್ಳಿಯೊಂದರಲ್ಲಿ, ಅಡಿಕೆ ಚಪ್ಪರದ ಪಕ್ಕ ನನ್ನದೊಂದು ಶೆಡ್ ಇದೆ. ಗುಜರಿಗೆ ಹೋಗಬೇಕಿದ್ದ ಸ್ಟಿಲ್ 070 ಯಂತ್ರಗಳನ್ನು ಬಿಚ್ಚಿ ಮತ್ತೆ ಕಟ್ಟುವುದು ಬಹಳ ವರ್ಷಗಳಿಂದ ನನಗೆ ಹಿಡಿದಿರುವ ಗೀಳು. ನೋಡಲು ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳನ್ನು ಒಂದು ಕಡೆ ಬರೆದಿಡೋಣ ಎನ್ನಿಸಿತು.

ಇಷ್ಟೆಲ್ಲ ಹೊಸ ಯಂತ್ರಗಳು ಬಂದಿರುವಾಗ 070 ಏಕೆ?

ಮಲೆನಾಡಿನಲ್ಲಿ ಮರ ಕೊಯ್ಯುವ ಮಷೀನು ಎಂದರೆ ಬಹಳ ಕಾಲ ಕಣ್ಣ ಮುಂದೆ ಬರುತ್ತಿದ್ದುದು ಇದೇ. ಇದರ ಮೂಲ ಜರ್ಮನಿ. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಶುರುಮಾಡಿದ ಕಂಪನಿ 1959ರಲ್ಲಿ ‘ಕಾಂಟ್ರಾ’ ಎಂಬ ಯಂತ್ರವನ್ನು ತಂದಿತು. ನಡುವೆ ಗೇರುಗಳಿಲ್ಲ, ಕ್ರ್ಯಾಂಕಿನಿಂದ ಕ್ಲಚ್ಚಿಗೆ, ಕ್ಲಚ್ಚಿನಿಂದ ನೇರ ಚೈನಿಗೆ. 1960ರ ದಶಕದ ಕೊನೆಯಲ್ಲಿ ಬಂದ 070 ಅದೇ ವಂಶದ್ದು.

ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 58 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 40 ಮಿ.ಮೀ. ಲೆಕ್ಕ ಹಾಕಿದರೆ 105.7 ಸಿಸಿ. ನಮ್ಮ ಊರಿನ ರಸ್ತೆಗಳಲ್ಲಿ ಓಡಾಡುವ ಎಷ್ಟೋ ಬೈಕುಗಳ ಎಂಜಿನ್ನು ಇದಕ್ಕಿಂತ ಚಿಕ್ಕದು. ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲಿಯೇ ಸಿಗುತ್ತದೆ, ಬಿಚ್ಚಲು ವಿಶೇಷ ಸಲಕರಣೆ ಹೆಚ್ಚು ಬೇಡ, ಒಳಗಿನ ಒಂದೊಂದು ಭಾಗದ ಕೆಲಸವೂ ಕಣ್ಣಿಗೆ ಕಂಡೇ ಅರ್ಥವಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಯಂತ್ರವನ್ನು ನಾನು ಕಂಡಿಲ್ಲ.

ಹಾಗಾದರೆ ಇದು ಹೊಸ ಯಂತ್ರಕ್ಕಿಂತ ಬಲಶಾಲಿಯೆ?

ಅಂಕಿ ನೋಡಿದರೆ ಅಲ್ಲ. 070 ಕೊಡುವುದು ಸುಮಾರು ಆರೂವರೆ ಅಶ್ವಶಕ್ತಿ, ಬಾರು (ಚೈನು ಸುತ್ತ ಓಡುವ ಉದ್ದನೆಯ ಪಟ್ಟಿ), ಚೈನು ಇಲ್ಲದೆಯೇ ಹತ್ತು ಕಿಲೋ ದಾಟುವ ತೂಕ. ಅದೇ ಕಂಪನಿಯ ಈಚಿನ ಎಂಎಸ್ 661 ಯಂತ್ರ 91 ಸಿಸಿಯದು, 5.4 ಕಿಲೋವ್ಯಾಟ್ ಅಂದರೆ ಏಳಕ್ಕೂ ಮೇಲೆ ಅಶ್ವಶಕ್ತಿ, ತೂಕ ಏಳೂವರೆ ಕಿಲೋದ ಒಳಗೆ. ದಿನವಿಡೀ ಗುಡ್ಡ ಹತ್ತಿ ಇಳಿದು ಕೆಲಸ ಮಾಡುವವರಿಗೆ ಹೊಸದನ್ನೇ ಕೊಳ್ಳಿ ಎಂದು ಹೇಳುತ್ತೇನೆ.

ಆದರೆ ಬಲ ಬೇರೆ, ವೇಗ ಬೇರೆ. ಹೊಸ ಯಂತ್ರಗಳು ನಿಮಿಷಕ್ಕೆ ಹನ್ನೆರಡು, ಹದಿಮೂರು ಸಾವಿರ ಸುತ್ತು ತಿರುಗುತ್ತವೆ. 070 ಏಳು ಸಾವಿರದ ಆಸುಪಾಸಿನಲ್ಲಿ ಗಂಭೀರವಾಗಿ ತಿರುಗುತ್ತ ಎಳೆಯುತ್ತದೆ. ಮೂವತ್ತು ಇಂಚಿನ ಬಾರು ಪೂರ್ತಿ ಹಲಸಿನ ದಿಮ್ಮಿಯಲ್ಲಿ ಹುದುಗಿದ್ದಾಗ ಹಿಡಿಯ ಮೇಲೆ ತುಸು ಭಾರ ಬಿಟ್ಟರೂ ಅದು ಉಸಿರು ಕಟ್ಟುವುದಿಲ್ಲ. ಸದ್ದು ಒಂದು ಮೆಟ್ಟಿಲು ಇಳಿಯುತ್ತದೆ ಅಷ್ಟೆ, ಹೊಟ್ಟು ಮಾತ್ರ ಅದೇ ಧಾರೆಯಾಗಿ ಬೀಳುತ್ತಿರುತ್ತದೆ. ಎತ್ತು ಗದ್ದೆಯ ಕೆಸರಿನಲ್ಲಿ ಎಳೆಯುತ್ತದಲ್ಲ, ಆ ರೀತಿಯ ಎಳೆತ.

ಗುಜರಿಯಲ್ಲಿ ಸಿಕ್ಕಿದ್ದನ್ನೆಲ್ಲ ತರಬಹುದೆ? ಏನು ನೋಡಿ ಕೊಳ್ಳಬೇಕು?

ಬಣ್ಣ, ಕವರು, ಹಿಡಿ, ಸ್ಟಾರ್ಟರಿನ ಹಗ್ಗ ಇವುಗಳನ್ನು ನೋಡಲೇಬೇಡಿ. ನೋಡಬೇಕಾದ್ದು ಮೂರು. ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕು ತಿರುಗುವ ಎಂಜಿನ್ನಿನ ಕೆಳಗಿನ ಗೂಡು, ಒಡೆದಿದೆಯೆ? ಅದು ಮೆಗ್ನೀಸಿಯಂ ಮಿಶ್ರಲೋಹ, ಮರ ಮೇಲೆ ಬಿದ್ದರೆ ಬಾರು ಕೂರುವ ಸ್ಟಡ್ಡಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಗೆರೆ ತಾನಾಗಿ ಮೂಡುತ್ತದೆ. ಎರಡನೆಯದು, ಮ್ಯಾಗ್ನೆಟ್ಟನ್ನು (ಕ್ರ್ಯಾಂಕಿನ ತುದಿಯಲ್ಲಿರುವ ಅಯಸ್ಕಾಂತದ ಚಕ್ರ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಎಂದರೆ ಮುಖ್ಯ ಬೇರಿಂಗ್ ಹೋಗಿದೆ. ಅದನ್ನು ಬದಲಿಸಬಹುದು, ಆದರೆ ಬೆಲೆ ಮಾತಾಡುವಾಗ ನೆನಪಿರಲಿ. ಮೂರನೆಯದು ಕನೆಕ್ಟಿಂಗ್ ರಾಡಿನ ದೊಡ್ಡ ತುದಿ. ಸೈಲೆನ್ಸರ್ ತೆಗೆದು, ಪಿಸ್ಟನ್ನನ್ನು ಕಡ್ಡಿಯಿಂದ ಒತ್ತಿ ಹಿಡಿದು ಮ್ಯಾಗ್ನೆಟ್ಟನ್ನು ಹಿಂದೆ ಮುಂದೆ ಆಡಿಸಿದರೆ ಸಡಿಲ ಕೈಗೇ ತಿಳಿಯುತ್ತದೆ. ಇದು ಸವೆದಿದ್ದರೆ ಕ್ರ್ಯಾಂಕೇ ಬೇರೆ ಬೇಕು. ಅಂಥದ್ದನ್ನು ಬಿಡಿಭಾಗಕ್ಕೆಂದು ಮಾತ್ರ ತನ್ನಿ.

ನನ್ನ ಈಗಿನ ಯಂತ್ರ ಬಂದದ್ದು ಗೊಬ್ಬರದ ಚೀಲದಲ್ಲಿ. ನಾಟಾ ಕೆಲಸ ಬಿಟ್ಟ ಹಿರಿಯರೊಬ್ಬರ ಕೊಟ್ಟಿಗೆಯಲ್ಲಿ ಮಳೆಗಾಲಗಳನ್ನು ಕಳೆದಿತ್ತು. ಮುಂದಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದರು, ಸ್ಟಾರ್ಟರ್ ಕವರು ಬೇರೆ ಯಾವುದೋ ಯಂತ್ರದ್ದು, ಏರ್ ಫಿಲ್ಟರ್ ಇರಬೇಕಾದ ಜಾಗದಲ್ಲಿ ಕಣಜದ ಗೂಡು. ಆದರೂ ಕ್ರ್ಯಾಂಕು ಒಂದಿಷ್ಟೂ ಸಡಿಲವಾಗಿರಲಿಲ್ಲ. ಚೀಲ ಕೊಡುವಾಗ ಅವರು, “ಇದು ಎಷ್ಟು ಮನೆಗೆ ತೊಲೆ ಕೊಟ್ಟಿದೆಯೋ ತಮ್ಮ, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ” ಎಂದರು.

ಚೀನಾದ ನಕಲು ಭಾಗ ಹಾಕಬಹುದೆ?

ಹಾಕಬಹುದು, ಆಯ್ದು. ಕವರು, ಟ್ಯಾಂಕಿನ ಮುಚ್ಚಳ, ಹಿಡಿ, ಸೈಲೆನ್ಸರ್, ಸ್ಪ್ರಾಕೆಟ್‌ಗಳಿಗೆ ನನ್ನ ತಕರಾರಿಲ್ಲ. ಬೇರಿಂಗ್, ಆಯಿಲ್ ಸೀಲ್, ಪಿಸ್ಟನ್ ರಿಂಗ್, ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನು) ಲಾಕು, ಈ ನಾಲ್ಕನ್ನು ಮಾತ್ರ ಹೆಸರಾಂತ ತಯಾರಕರದ್ದೇ ತನ್ನಿ. ಒಮ್ಮೆ ಅಗ್ಗದ ಪಿಸ್ಟನ್ ಸೆಟ್ಟಿನ ಜೊತೆ ಬಂದ ಲಾಕನ್ನೇ ಹಾಕಿ ಮುಚ್ಚಿದೆ. ನಾಲ್ಕನೆಯ ದಿನ ಅದು ಕಳಚಿ, ಹೊಸ ಸಿಲಿಂಡರಿನ ಗೋಡೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದಿತ್ತು. ಕೈಬೆರಳಿನ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ. ಸಿಲಿಂಡರ್ ಎಸೆಯಬೇಕಾಯಿತು.

ಕ್ಲಚ್ ಮತ್ತು ಮ್ಯಾಗ್ನೆಟ್ ಬಿಚ್ಚಲು ಬರುತ್ತಲೇ ಇಲ್ಲ. ಸುತ್ತಿಗೆ ಬಳಸಲೆ?

ಬೇಡ. ಪಿಸ್ಟನ್ ಮೇಲೇರುವ ಹಂತದಲ್ಲಿದ್ದಾಗ ಪ್ಲಗ್ಗಿನ ರಂಧ್ರದಿಂದ ಹತ್ತಿಯ ಹಗ್ಗ ತುರುಕಿ. ಹಗ್ಗದ ಸುರುಳಿಗೆ ಪಿಸ್ಟನ್ ಮೆತ್ತಗೆ ಒರಗಿ ನಿಲ್ಲುತ್ತದೆ, ಆಗ ಕ್ರ್ಯಾಂಕು ತಿರುಗುವುದಿಲ್ಲ. ಕ್ಲಚ್ಚಿನ ಕಡೆ ಎಡ ತ್ರೆಡ್ (ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು) ಇರುವುದು ಸಾಮಾನ್ಯ, ಬಾಣದ ಗುರುತಿದ್ದರೆ ಮೊದಲು ಅದನ್ನು ನೋಡಿಕೊಂಡೇ ಪಾನಾ ಹಾಕಿ. ಮ್ಯಾಗ್ನೆಟ್ಟಿಗೆ ಪುಲ್ಲರ್ ಬೇಕು. ಲೇತಿನವರು ಒಂದು ದಪ್ಪ ಪಟ್ಟಿಗೆ ಮೂರು ರಂಧ್ರ ಹೊಡೆದು ಮಾಡಿಕೊಡುತ್ತಾರೆ.

ಇನ್ನೊಂದು ಎಚ್ಚರಿಕೆ. ಕ್ರ್ಯಾಂಕ್‌ಕೇಸನ್ನು ಗ್ರೈಂಡರಿನಿಂದ ಉಜ್ಜಬೇಡಿ. ಮೆಗ್ನೀಸಿಯಂ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಸೀಮೆಎಣ್ಣೆ ಮತ್ತು ಬ್ರಷ್ಷು ಸಾಕು.

ಪಿಸ್ಟನ್ ಹಿಡಿದುಕೊಂಡ ಸಿಲಿಂಡರ್ ಉಳಿಯುತ್ತದೆಯೆ? ಆಸಿಡ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ.

ಹಿಡಿದ ಸಿಲಿಂಡರಿನಲ್ಲಿ ಕಾಣುವ ಬೂದು ಬಣ್ಣದ ಪಟ್ಟೆ ಹೆಚ್ಚಿನ ಸಲ ಸಿಲಿಂಡರಿನ ಗಾಯವಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಅಂಟಿದ್ದು. ಅದನ್ನು ತೆಗೆಯಬಹುದು. ಆದರೆ ಹಳೆಯ ಸಿಲಿಂಡರಿನ ಒಳಮೈಗೆ ಇರುವುದು ಕ್ರೋಮ್ ಲೇಪ, ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮನ್ನೇ ತಿನ್ನುತ್ತದೆ. ನಿಕಲ್ ಲೇಪದ ಹೊಸ ಸಿಲಿಂಡರುಗಳಿಗೆ ಹೇಳಿದ ಉಪಾಯವನ್ನು ಇದಕ್ಕೆ ಮಾಡಿ ಲೇಪ ಕಳೆದುಕೊಂಡವರಿದ್ದಾರೆ. ಸಣ್ಣ ಎಮರಿ ಕಾಗದ, ಎರಡು ಹನಿ ಎಣ್ಣೆ, ಒಂದು ಸಂಜೆಯ ತಾಳ್ಮೆ ಸಾಕು. ಪಟ್ಟೆ ಹೋದ ಮೇಲೆ ಉಗುರು ಆಡಿಸಿ ನೋಡಿ. ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಸಿಲಿಂಡರ್ ಉಳಿಯಿತು.

ಎಲ್ಲ ಹೊಸದು ಹಾಕಿದ್ದೇನೆ, ಆದರೂ ಯಂತ್ರ ಎಳೆಯುವುದಿಲ್ಲ. ಏಕೆ?

ಗಾಳಿ ಸೋರುತ್ತಿದೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ಮೊದಲು ಬರುವುದು ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕ್‌ಕೇಸಿಗೆ. ಪಿಸ್ಟನ್ ಮೇಲೇರುವಾಗ ಅಲ್ಲಿ ನಿರ್ವಾತ, ಇಳಿಯುವಾಗ ಒತ್ತಡ. ಅದು ನಮ್ಮ ಎದೆಗೂಡಿನ ಹಾಗೆ ಉಸಿರಾಡುವ ಜಾಗ. ಕ್ರ್ಯಾಂಕಿನ ಎರಡು ತುದಿಯಲ್ಲಿರುವ ರಬ್ಬರ್ ಸೀಲ್ ವಯಸ್ಸಾಗಿ ಗಟ್ಟಿಯಾದರೆ, ಕಾರ್ಬೊರೇಟರ್ ಅಳೆಯದ ಗಾಳಿ ಅಲ್ಲಿಂದ ಒಳಗೆ ನುಗ್ಗುತ್ತದೆ. ಮಿಶ್ರಣ ತೆಳುವಾಗುತ್ತದೆ, ಮಿಶ್ರಣದ ಜೊತೆ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ಬಲ ಹೋಗುವುದು ಮೊದಲ ಲಕ್ಷಣ, ಪಿಸ್ಟನ್ ಹಿಡಿಯುವುದು ಕೊನೆಯದು. ಬೋರು ದೊಡ್ಡದು ಮಾಡುವುದಕ್ಕೂ ಸೈಲೆನ್ಸರ್ ಕೊರೆಯುವುದಕ್ಕೂ ಮೊದಲು ಇದನ್ನು ಪರೀಕ್ಷಿಸಿ.

ನಾನು ಬಳಸುವುದು ಬಿ.ಪಿ. ನೋಡುವ ಉಪಕರಣದ ರಬ್ಬರ್ ಬುರುಡೆ ಮತ್ತು ಮುಳ್ಳಿನ ಮೀಟರು. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಅದಕ್ಕೊಂದು ಸಣ್ಣ ಹಿತ್ತಾಳೆ ನಳಿಕೆ ಬೆಸೆಸಿಕೊಂಡಿದ್ದೇನೆ. ಸೈಲೆನ್ಸರ್ ಮತ್ತು ಕಾರ್ಬೊರೇಟರ್ ತೆಗೆದು, ಎರಡೂ ಬಾಯಿಗೆ ಸೈಕಲ್ ಟ್ಯೂಬಿನ ತುಂಡಿಟ್ಟು ಪಟ್ಟಿಯಿಂದ ಬಿಗಿಯುತ್ತೇನೆ. ಪಿಸ್ಟನ್ ಪೂರ್ತಿ ಕೆಳಗಿರಬೇಕು, ಆಗಲೇ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ದಾರಿ ತೆರೆದಿರುತ್ತದೆ. ಮುಳ್ಳು 300ರವರೆಗೆ ಏರಿಸಿ. ಅದು ಸುಮಾರು 0.4 ಬಾರ್ ಒತ್ತಡ. ಒಂದು ನಿಮಿಷ ಮುಳ್ಳು ಕದಲದೆ ನಿಂತರೆ ಗೆದ್ದಿರಿ. ಇಳಿದರೆ ಸೋಪಿನ ನೊರೆ ಹಚ್ಚಿ. ಸೋರುವಲ್ಲಿ ಗುಳ್ಳೆ ಏಳುತ್ತದೆ.

ನನ್ನ ಯಂತ್ರದಲ್ಲಿ ಗುಳ್ಳೆ ಎದ್ದದ್ದು ಮ್ಯಾಗ್ನೆಟ್ಟಿನ ಹಿಂದಿನ ಸೀಲಿನಲ್ಲಿ. ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೆ ಒಂದು. ಇಷ್ಟಕ್ಕೇ ಯಂತ್ರ ಅಷ್ಟು ಕಾಲ ಮೂಲೆ ಸೇರಿತ್ತು.

ಒತ್ತಡದಲ್ಲಿ ಪಾಸಾದ ಸೀಲು ನಿರ್ವಾತದಲ್ಲಿ ಸೋಲುವುದೂ ಉಂಟು, ಏಕೆಂದರೆ ಸೀಲಿನ ತುಟಿ ಒಂದು ದಿಕ್ಕಿಗೆ ಬಾಗಿರುತ್ತದೆ. ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎಳೆಯುವ ಕೈಪಂಪು ಸಿಕ್ಕರೆ ಅದನ್ನೂ ಮಾಡಿ ನೋಡಿ.

ಕಿಡಿ ಬರುತ್ತಿಲ್ಲ, ಅಥವಾ ಬಿಸಿಯಾದ ಮೇಲೆ ನಿಂತುಹೋಗುತ್ತದೆ.

ಹಳೆಯ 070ಗಳಲ್ಲಿ ಮ್ಯಾಗ್ನೆಟ್ಟಿನ ಕೆಳಗೆ ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್ಚು) ಇರುತ್ತದೆ. ಅದರ ಮೈಮೇಲೆ ತುಕ್ಕಿನ ಪೊರೆ ಕಟ್ಟಿರುತ್ತದೆ. ಗಟ್ಟಿ ಕಾಗದದ ತುಂಡನ್ನು ಪೆಟ್ರೋಲಿನಲ್ಲಿ ಅದ್ದಿ ನಡುವೆ ಎಳೆಯಿರಿ. ಅಂತರ 0.35ರಿಂದ 0.4 ಮಿ.ಮೀ. ಕಾಯಿಲಿಗೂ ಮ್ಯಾಗ್ನೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡು ಸಿಗಿಸಿ ತಿರುಪು ಬಿಗಿದರೆ ಆ ಅಂತರವೂ ಸರಿಯಾಗುತ್ತದೆ. ಪ್ಲಗ್ಗಿನ ತುದಿಗಳ ಅಂತರ 0.5 ಮಿ.ಮೀ. ಬಿಸಿಯಾದ ಮೇಲೆ ನಿಲ್ಲುವುದಾದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ, ಎರಡನೆಯದು ಕಾಯಿಲ್ ಮೇಲೆ. ಪಾಯಿಂಟ್ ಬೇಡ ಎನ್ನುವವರು ಎಲೆಕ್ಟ್ರಾನಿಕ್ ಕಾಯಿಲ್ ಹಾಕಿಕೊಳ್ಳುತ್ತಾರೆ. ಮಳೆಗಾಲದ ತೇವದಲ್ಲಿ ಅದು ಮೇಲು ಎಂಬುದು ನನ್ನ ಅನುಭವ.

ಕಿಡಿ ಚೆನ್ನಾಗಿದ್ದೂ ಹಗ್ಗ ಎಳೆದಾಗ ಕೈಗೆ ಒದೆಯುತ್ತಿದ್ದರೆ ಮ್ಯಾಗ್ನೆಟ್ಟಿನ ಕೀ (ಅದು ಕ್ರ್ಯಾಂಕಿನ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ನೋಡಿ. ಅರ್ಧ ಕತ್ತರಿಸಿದ್ದರೆ ಟೈಮಿಂಗ್ ಸರಿದಿರುತ್ತದೆ.

ಕಾರ್ಬೊರೇಟರ್ ಹೊಂದಿಸುವುದು ಹೇಗೆ?

ಇದರಲ್ಲಿರುವುದು ತೆಳು ಪೊರೆಯಿಂದ ಕೆಲಸ ಮಾಡುವ ಕಾರ್ಬೊರೇಟರ್. ಪೆಟ್ರೋಲು ಎಳೆಯುವ ಪಂಪಿನ ಪೊರೆಯನ್ನು ಬಡಿಸುವುದು ಕ್ರ್ಯಾಂಕ್‌ಕೇಸಿನದೇ ಉಸಿರು. ಪ್ಯಾಕಿಂಗನ್ನು ತಿರುಗಾಮುರುಗಾ ಇಟ್ಟರೆ ಆ ಪುಟ್ಟ ರಂಧ್ರ ಮುಚ್ಚಿಹೋಗಿ, ಎಷ್ಟು ಎಳೆದರೂ ಪೆಟ್ರೋಲು ಬರುವುದಿಲ್ಲ.

ಎರಡೂ ತಿರುಪುಗಳನ್ನು ಮೆತ್ತಗೆ ಮುಚ್ಚಿ, ತಲಾ ಒಂದು ಸುತ್ತು ತೆರೆದು ಶುರುಮಾಡಿ. ನಂತರ ಕಿವಿಗೆ ಕೆಲಸ ಕೊಡಿ. ಮರಕ್ಕೆ ತಾಗಿಸದೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸದ್ದಿನಲ್ಲಿ ಒಂದು ಬುರುಬುರು ಇರಬೇಕು, ಮರಕ್ಕೆ ಇಳಿಸಿದ ಕೂಡಲೇ ಅದು ನಿಂತು ಸದ್ದು ನಯವಾಗಬೇಕು. ಹೊರಗಿರುವಾಗಲೇ ಸಿಳ್ಳೆಯಂತೆ ಕಿರ್ರೆಂದು ಏರಿದರೆ ಪೆಟ್ರೋಲು ಸಾಲುತ್ತಿಲ್ಲ. ತಕ್ಷಣ ಬಿಡಿ, ಎಚ್ ತಿರುಪನ್ನು (ಹೆಚ್ಚಿನ ವೇಗದ್ದು) ತುಸು ತೆರೆಯಿರಿ. ಆ ಸಿಳ್ಳೆ ಕೇಳಲು ಜೋರಾಗಿರುತ್ತದೆ, ಬಲವಿದೆ ಎಂದು ಭ್ರಮೆ ಹುಟ್ಟಿಸುತ್ತದೆ. ಸುಟ್ಟ ಪಿಸ್ಟನ್ನುಗಳೆಲ್ಲ ಸುಡುವ ಮೊದಲು ಹಾಗೆಯೇ ಹಾಡಿರುತ್ತವೆ.

ಈಗಿನ ಪೆಟ್ರೋಲು ಆಗುತ್ತದೆಯೆ? ಎಣ್ಣೆ ಎಷ್ಟು?

ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 070ರ ರಬ್ಬರ್ ನಳಿಕೆ, ಪೊರೆಗಳನ್ನು ಮಾಡಿದ ಕಾಲದಲ್ಲಿ ಇದನ್ನು ಯಾರೂ ಎಣಿಸಿರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಆಷಾಢದಲ್ಲಿ ಇದು ಸಣ್ಣ ಮಾತಲ್ಲ. ನಳಿಕೆ ಮತ್ತು ಪೊರೆಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ವಾರಕ್ಕಾಗುವಷ್ಟೇ ಪೆಟ್ರೋಲು ಕಲಸಿ.

ಸಾಮಾನ್ಯ ಟೂ ಟಿ ಎಣ್ಣೆಯಾದರೆ (ಎರಡು ಸ್ಟ್ರೋಕಿನ ಎಂಜಿನ್ನಿನದು) ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಹೊಗೆ ಹೆಚ್ಚು ಎಂದು ಇದನ್ನು ಇಳಿಸಬೇಡಿ.

66 ಮಿ.ಮೀ. ಬೋರ್ ಹಾಕಿದರೆ 090 ಆಗುತ್ತದಂತೆ?

090 ಇದೇ ಕಂಪನಿಯ ಇನ್ನೂ ದೊಡ್ಡ ಯಂತ್ರ. ಅದರ ಸ್ಟ್ರೋಕ್ ಕೂಡ 40 ಮಿ.ಮೀ., ಬೋರು 66. ಒಟ್ಟು 137 ಸಿಸಿ. ಆ ಅಳತೆಯ ಸಿಲಿಂಡರ್ ಸೆಟ್ಟುಗಳನ್ನು ಮಾರುತ್ತಾರೆ ಕೂಡ. ನಾನು ಹಾಕಿಲ್ಲ, ಹಾಕುವುದೂ ಇಲ್ಲ. ನಮ್ಮಲ್ಲಿ ಕೊಯ್ಯಲು ಸಿಗುವ ಮರಕ್ಕೆ 105 ಸಿಸಿ ಧಾರಾಳ. ಸೈಲೆನ್ಸರಿಗೆ ತೂತು ಹೊಡೆಯುವ ಬಗ್ಗೆಯೂ ಇದೇ ಮಾತು: ಸದ್ದು ಏರಿದಷ್ಟು ಬಲ ಏರುವುದಿಲ್ಲ.

ಯಾವ ಚೈನು? ಅರ ಹಾಕುವುದು ಹೇಗೆ?

ಈ ಯಂತ್ರದ ಚೈನು .404 ಇಂಚು ಪಿಚ್ಚಿನದು (ಕೊಂಡಿಗಳ ಅಂತರದ ಅಳತೆ), 1.6 ಮಿ.ಮೀ. ದಪ್ಪದ ಕೊಂಡಿ. ಅದಕ್ಕೆ 5.5 ಮಿ.ಮೀ. ದುಂಡು ಅರ. ಅಡ್ಡ ಕೊಯ್ಯಲು ಹಲ್ಲಿನ ಕೋನ 30 ಡಿಗ್ರಿ, ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವುದಾದರೆ 10 ಡಿಗ್ರಿ. ಮುಂದಿನ ಕೊಕ್ಕು ಹಲ್ಲಿಗಿಂತ 0.8 ಮಿ.ಮೀ. ತಗ್ಗಿರಬೇಕು.

ನಮ್ಮ ಭಾವ ಒಮ್ಮೆ, ಹೊಸ ಪಿಸ್ಟನ್ ಹಾಕಿದರೂ ಮರ ಕೊಯ್ಯುತ್ತಿಲ್ಲ ಎಂದು ಯಂತ್ರ ಹೊತ್ತು ತಂದರು. ಎಂಜಿನ್ನು ಮುಟ್ಟಲಿಲ್ಲ. ಬಾರಿನ ಕೆಳಗೆ ಬಿದ್ದಿದ್ದ ಹೊಟ್ಟು ತೋರಿಸಿ ಎಂದೆ. ಚಟ್ನಿಪುಡಿಯಂತೆ ನುಣ್ಣಗಿತ್ತು. ಪ್ರತಿ ಹಲ್ಲಿಗೆ ನಾಲ್ಕು ಸಲ, ಒಳಗಿನಿಂದ ಹೊರಗೆ ಮಾತ್ರ, ಅರ ಎಳೆದೆ. ಮತ್ತೆ ಅದೇ ದಿಮ್ಮಿಗೆ ಇಟ್ಟಾಗ ಹೊಟ್ಟು ಅವಲಕ್ಕಿಯಂತೆ ಚಕ್ಕೆ ಚಕ್ಕೆಯಾಗಿ ಉದುರಿತು. ಭಾವ ಅಂದಿನಿಂದ ಜೇಬಿನಲ್ಲಿ ಅರ ಇಟ್ಟುಕೊಂಡೇ ಮರದ ಹತ್ತಿರ ಹೋಗುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೆ ಬಣ್ಣ ಹೊಡೆಯಬಾರದೆ?

ನಿಮ್ಮ ಯಂತ್ರ, ನಿಮ್ಮ ಇಷ್ಟ. ನಾನು ಹೊಡೆಯುವುದಿಲ್ಲ. ಬಣ್ಣದ ಕೆಳಗೆ ಬಿರುಕು ಅಡಗುತ್ತದೆ, ಎಣ್ಣೆಯ ಸೋರಿಕೆ ಕಾಣುವುದಿಲ್ಲ, ಸಿಲಿಂಡರಿನ ರೆಕ್ಕೆಗಳ ಮೇಲೆ ದಪ್ಪವಾಗಿ ಕೂತರೆ ಬಿಸಿ ಹೊರಗೆ ಹೋಗುವುದೂ ಕಡಿಮೆಯಾಗುತ್ತದೆ. ಹಿಡಿಯ ಸೈಕಲ್ ಟ್ಯೂಬನ್ನೂ ಹಾಗೆಯೇ ಬಿಟ್ಟಿದ್ದೇನೆ. ಅದನ್ನು ಸುತ್ತಿದ ಕೈಗಳ ಮೇಲೆ ನನಗೆ ಗೌರವವಿದೆ, ಹಿಡಿತವೂ ಚೆನ್ನಾಗಿದೆ. ಹೊಸದಾಗಿರಬೇಕಾದ್ದು ಒಳಗೆ.

ಇದಕ್ಕೆ ಚೈನ್ ಬ್ರೇಕ್ ಎಲ್ಲಿದೆ?

ಹಳೆಯ 070ಗಳಲ್ಲಿ ಇಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಎಂಟು ಹಲ್ಲಿನ ಸ್ಪ್ರಾಕೆಟ್ ಒಂದು ಸುತ್ತು ತಿರುಗಿದರೆ ಚೈನು 16 ಸೆಂ.ಮೀ. ಮುಂದೆ ಸರಿಯುತ್ತದೆ. ಏಳು ಸಾವಿರ ಸುತ್ತಿಗೆ ಲೆಕ್ಕ ಹಾಕಿ: ಸೆಕೆಂಡಿಗೆ 19 ಮೀಟರ್, ಗಂಟೆಗೆ ಸುಮಾರು 70 ಕಿ.ಮೀ. ಬಾರಿನ ಮೂತಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ ತಾಗಿದರೆ ಯಂತ್ರ ಒಮ್ಮೆಲೇ ನಿಮ್ಮ ಮುಖದ ಕಡೆ ಚಿಮ್ಮುತ್ತದೆ. ಹೊಸ ಯಂತ್ರಗಳಲ್ಲಿ ಕಣ್ಣು ಮಿಟುಕಿಸುವುದರೊಳಗೆ ಚೈನು ನಿಲ್ಲಿಸುವ ಬ್ರೇಕ್ ಇರುತ್ತದೆ, ಇದರಲ್ಲಿ ನಿಮ್ಮ ಎಡಗೈ ಹೆಬ್ಬೆರಳಿನ ಬಿಗಿ ಹಿಡಿತವೊಂದೇ. ಆದ್ದರಿಂದ ಮೂತಿಯಿಂದ ಕೊಯ್ಯಬೇಡಿ, ಭುಜದ ಎತ್ತರಕ್ಕಿಂತ ಮೇಲೆ ಎತ್ತಬೇಡಿ, ಮರ ಹತ್ತಿ ಬಳಸುವ ಮಾತೇ ಬೇಡ. ನೆಲದ ಮೇಲೆ ಮಲಗಿರುವ ದಿಮ್ಮಿಗೆ ಇದು ಯಂತ್ರ. ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ಬೂಟು ಇವಿಲ್ಲದೆ ಹಗ್ಗ ಎಳೆಯಬೇಡಿ. ಕಾಲಿಗೆ ಹಾಕುವ ರಕ್ಷಾಕವಚವೂ ಬೇಕು, ಆದರೆ ಇಷ್ಟು ಎಳೆತದ ಯಂತ್ರ ಅದನ್ನೂ ದಾಟಿ ಹೋಗಬಹುದು ಎಂಬುದು ತಿಳಿದಿರಲಿ.

ಕಂಪನ ತಡೆಯುವ ರಬ್ಬರ್ ಇಲ್ಲದ ಮಾದರಿಯಾದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈ ಬಿಡಿ. ವರ್ಷಗಟ್ಟಲೆ ಇದನ್ನೇ ಹಿಡಿದವರ ಬೆರಳುಗಳು ಚಳಿಯಲ್ಲಿ ಬಿಳಿಚಿಕೊಂಡು ಮರಗಟ್ಟುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನನ್ನ ಜಮೀನಿನ ಮರಕ್ಕೂ ಅನುಮತಿ ಬೇಕೆ?

ಹೆಚ್ಚಿನ ಜಾತಿಯ ಮರಗಳಿಗೆ ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಯಂತ್ರಕ್ಕೆ ಪೆಟ್ರೋಲು ಕಲಸುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಬನ್ನಿ.

ಮಳೆಗಾಲದಲ್ಲಿ ಹೇಗೆ ಇಡಬೇಕು?

ಟ್ಯಾಂಕು ಪೂರ್ತಿ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೂ ಓಡಿಸಿ. ಆಗ ಕಾರ್ಬೊರೇಟರಿನಲ್ಲೂ ಏನೂ ಉಳಿಯುವುದಿಲ್ಲ. ಪ್ಲಗ್ ಬಿಚ್ಚಿ ಒಂದು ಚಮಚ ಟೂ ಟಿ ಎಣ್ಣೆ ಹಾಕಿ ಎರಡು ಸಲ ಹಗ್ಗ ಎಳೆದು ಮುಚ್ಚಿ. ಚೈನನ್ನು ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿಡಿ. ನಮ್ಮ ಕಡೆ ಒಣಗಬೇಕಾದ್ದನ್ನೆಲ್ಲ ಬಚ್ಚಲೊಲೆಯ ಹತ್ತಿರ ಇಡುವ ರೂಢಿ. ಬರಿದಾದ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಇರುತ್ತದೆ, ಇದನ್ನು ಮಾತ್ರ ಅಲ್ಲಿಗೆ ತರಬೇಡಿ. ಗಾಳಿಯಾಡುವ ಅಟ್ಟದಲ್ಲಿ ಹಲಗೆಯ ಮೇಲಿಟ್ಟು ಗೋಣಿಚೀಲ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ. ತಿಂಗಳಿಗೊಮ್ಮೆ ಹೋಗಿ, ಹಗ್ಗವನ್ನು ನಿಧಾನಕ್ಕೆ ಎಳೆದು, ಪಿಸ್ಟನ್ ಬೇರೆ ಜಾಗದಲ್ಲಿ ನಿಲ್ಲುವಂತೆ ಮಾಡಿ ಬನ್ನಿ.